ಡೂಮ್‌ನಲ್ಲಿ ಕಾಲೇ ಬಂದೂಕು

13 ಡಿಸೆಂಬರ್ 2025, ಶನಿವಾರ
ಬೆಂಗಳೂರು

ಮೊನ್ನೆ ಬುಧವಾರಕ್ಕೆ ಡೂಮ್ ಅನ್ನೋ, ರಾಕ್ಷಸರಿಗೆ ಗುಂಡು ಹೊಡೆಯುವ ಕಂಪ್ಯೂಟರ್ ಆಟಕ್ಕೆ 32 ತುಂಬಿತು. ಇಡ್ ಸಾಫ್ಟ್‌ವೇರ್ ಇದರ ಮೊದಲ ಕಂತನ್ನು ಶೇರ್‌ವೇರ್ ಮಾಡಿ ಪುಕ್ಕಟೆ ಬಿಟ್ಟಿದ್ದು 1993ರ ಡಿಸೆಂಬರ್ 10ರಂದು. ಈಗ ಮತ್ತೆ ಹಾಕಿಕೊಂಡವರ ದೂರು ಒಂದೇ: ಮೇಲೆ ಕೆಳಗೆ ನೋಡೋಕೆ ಆಗಲ್ಲ, ಗುರಿ ಇಡೋದು ಹೇಗೆ? ಇಡಬೇಕಾಗಿಯೇ ಇಲ್ಲ. ಎಡಬಲ ಸರಿಯಾಗಿ ಎದುರಿಗೆ ತಂದುಕೊಂಡರೆ ಸಾಕು, ಅಟ್ಟದ ಮೇಲಿರುವ ರಾಕ್ಷಸನಿಗೂ ಗುಂಡು ತಾನಾಗಿ ಹತ್ತಿಕೊಂಡು ಹೋಗುತ್ತದೆ. ಈ ಆಟದ ಕಸುಬೆಲ್ಲ ಕಾಲಿನಲ್ಲಿದೆ. ಸೆಟ್ಟಿಂಗ್ ಮಾಡುವಾಗಲೂ ಕಾಲಿಗೆ ಅನುಕೂಲ ಆಗೋ ಹಾಗೆ ಮಾಡಬೇಕು.

ಮೊದಲು ಯಾವುದನ್ನು ಹಾಕಿಕೊಳ್ಳಬೇಕು ಅನ್ನೋದು. ಸೋರ್ಸ್ ಕೋಡ್ 1997ರಲ್ಲೇ ಹೊರಬಿದ್ದಿದ್ದರಿಂದ ಪೋರ್ಟ್‌ಗಳು, ಅಂದರೆ ಈಗಿನ ಕಂಪ್ಯೂಟರಿಗೆ ಹೊಂದಿಸಿದ ಆವೃತ್ತಿಗಳು, ಬೇಕಾದಷ್ಟಿವೆ. ಹಳೆಯ ಡಾಸ್ ಆಟ ಇದ್ದ ಹಾಗೇ, ಅದರ ಹುಳುಕುಗಳ ಸಮೇತ ಬೇಕು ಅಂದರೆ ಚಾಕೊಲೇಟ್ ಡೂಮ್. ಆದರೆ ಅಭಿಮಾನಿಗಳು ಮಾಡಿದ ದೊಡ್ಡ ಮ್ಯಾಪ್ ಅದರಲ್ಲಿ ತೆರೆದರೆ ಅರ್ಧದಲ್ಲೇ ನಿಂತುಹೋಗಬಹುದು. ನೆಲ ಮತ್ತು ಸೂರಿನ ತುಂಡುಗಳನ್ನು ಬರೆಯಲು ಮೂಲ ಆಟ ಇಟ್ಟುಕೊಂಡ ಜಾಗ 128ಕ್ಕೆ ಮುಗಿಯುತ್ತದೆ; ಆ ಮಿತಿಯನ್ನೂ ಚಾಕೊಲೇಟ್ ಹಾಗೇ ಉಳಿಸಿಕೊಂಡಿದೆ. ಕ್ರಿಸ್ಪಿ ಡೂಮ್‌ನಲ್ಲಿ ಆ ಮಿತಿ ತೆಗೆದಿದ್ದಾರೆ, ಚಿತ್ರವೂ 640×400ಕ್ಕೆ ಏರಿದೆ, ಆಟದ ಒಳಲೆಕ್ಕ ಮಾತ್ರ ಹಳೆಯದೇ. ನಮ್ಮ ಮತ ಕ್ರಿಸ್ಪಿಗೆ. ಜೀಝಡ್‌ಡೂಮ್ ಬಹಳ ಶಕ್ತಿವಂತ. ಆದರೆ ಅದರಲ್ಲಿ ಜಿಗಿತವನ್ನೂ ಮೇಲೆ ಕೆಳಗೆ ನೋಡೋದನ್ನೂ ಬಿಟ್ಟುಕೊಂಡು ಹಳೆಯ ಮ್ಯಾಪ್ ಆಡಿದರೆ ಕೀಲಿಕೈ ಇಲ್ಲದೆ ಗೋಡೆ ಹಾರಿಬಿಡಬಹುದು. ಆಮೇಲೆ ಮ್ಯಾಪ್‌ನಲ್ಲಿ ಏನೂ ಉಳಿಯಲ್ಲ.

ಪೋರ್ಟ್ ಬರೀ ಇಂಜಿನ್. ಮ್ಯಾಪ್, ಚಿತ್ರ, ಸದ್ದು ಎಲ್ಲ ವ್ಯಾಡ್ ಫೈಲ್‌ನಲ್ಲಿರುತ್ತವೆ. ಶೇರ್‌ವೇರಿನ ಡೂಮ್1 ವ್ಯಾಡ್ ಸುಮಾರು 4 ಎಂಬಿ, ಅದರಲ್ಲಿ ಮೊದಲ ಕಂತಿನ 9 ಮ್ಯಾಪ್. ಅದನ್ನು ಪೋರ್ಟ್‌ನ ಫೋಲ್ಡರಿಗೇ ಹಾಕಿ. ಇಲ್ಲದಿದ್ದರೆ ಐವ್ಯಾಡ್ (ಆಟದ ಮೂಲ ವ್ಯಾಡ್ ಫೈಲ್) ಸಿಗಲಿಲ್ಲ ಅಂತ ಹೇಳಿ ಮುಚ್ಚಿಕೊಳ್ಳುತ್ತದೆ. ಹೊಸದಾಗಿ ಹಾಕಿಕೊಂಡವರು ಮೊದಲು ಎಡವುವುದು ಇಲ್ಲೇ.

ಚಿತ್ರದ ವಿಷಯ ಸ್ವಲ್ಪ ನಿಧಾನವಾಗಿ ನೋಡಬೇಕು. ಡೂಮ್ ಬರೆಯುವುದು 320×200 ಚುಕ್ಕಿ. ಅಂದಿನ ಡುಬ್ಬ ಮಾನಿಟರ್ (ಸಿಆರ್‌ಟಿ) ಅದನ್ನು 4:3 ಪರದೆಗೆ ಎಳೆದು ತೋರಿಸುತ್ತಿತ್ತು, ಹಾಗಾಗಿ ಒಂದೊಂದು ಚುಕ್ಕಿಯೂ ಅಗಲಕ್ಕಿಂತ 1.2 ಪಟ್ಟು ಎತ್ತರ. ಆಸ್ಪೆಕ್ಟ್ ರೇಶಿಯೊ ಸರಿಪಡಿಸುವ ಆಯ್ಕೆ ಆಫ್ ಆಗಿದ್ದರೆ ರಾಕ್ಷಸರೆಲ್ಲ ಯಾರೋ ತಲೆ ಮೇಲೆ ರುಬ್ಬುಗುಂಡು ಇಟ್ಟ ಹಾಗೆ ಕುಳ್ಳಗಾಗುತ್ತಾರೆ. ಅಗಲಕ್ಕೆ 5, ಎತ್ತರಕ್ಕೆ 6 ಪಟ್ಟು ಮಾಡಿದರೆ ಸರಿಯಾಗಿ 1600×1200. ಅಂದರೆ 1920×1200 ಪರದೆಯ ಲ್ಯಾಪ್‌ಟಾಪ್ ಇದ್ದವರಿಗೆ ಒಂದು ಚುಕ್ಕಿಯೂ ಕೆಡದೆ ಕೂರುತ್ತದೆ, ಪಕ್ಕದಲ್ಲಿ ಕಪ್ಪು ಪಟ್ಟಿ ಅಷ್ಟೆ. ಟೆಕ್ಸ್ಚರ್ ನುಣುಪು ಮಾಡುವ ಫಿಲ್ಟರ್ ಯಾವುದಿದ್ದರೂ ತೆಗೆಯಿರಿ. ಹಗಲು ಕಿಟಕಿ ಪಕ್ಕ ಕೂತು ಆಡುವಾಗ ಕತ್ತಲ ಕೋಣೆಗಳು ಕಾಣದಿದ್ದರೆ ಎಫ್11 ಒತ್ತಿ, ಒತ್ತಿದ ಹಾಗೆ ಗಾಮಾ (ಚಿತ್ರದ ಬೆಳಕು) ಒಂದೊಂದೇ ಮೆಟ್ಟಿಲು ಏರುತ್ತದೆ.

ಮೌಸ್‌ನಲ್ಲಿ ಒಂದು ಗುಂಡಿ ತೋಡಿಟ್ಟಿದ್ದಾರೆ. ಮೂಲ ಆಟದಲ್ಲಿ ಮೌಸ್ ಮುಂದಕ್ಕೆ ತಳ್ಳಿದರೆ ಆಳೇ ಮುಂದಕ್ಕೆ ನಡೆಯುತ್ತಾನೆ. ಕಟ್ಟೆಯ ತುದಿಯಲ್ಲಿ ನಿಂತು ಕೈ ಸ್ವಲ್ಪ ಅಲುಗಿತೋ, ವಿಷದ ಹೊಂಡದಲ್ಲಿ ಬಿದ್ದಿರಿ. ಚಾಕೊಲೇಟ್‌ನ ಸೆಟಪ್‌ನಲ್ಲಿ ವರ್ಟಿಕಲ್ ಮೌಸ್ ಚಲನೆಯ ಟಿಕ್ ತೆಗೆದು, ಆಕ್ಸಿಲರೇಶನ್ 1.0 ಮಾಡಿ. ಆಮೇಲೆ ನಡಿಗೆ ಡಬ್ಲ್ಯೂ-ಎ-ಎಸ್-ಡಿಗೆ, ಓಟ ಸದಾ ಆನ್; ಕ್ರಿಸ್ಪಿಯಲ್ಲಿ ಓಟದ ಸ್ವಿಚ್ ಕ್ಯಾಪ್ಸ್ ಲಾಕ್.

ಓಟ ಸದಾ ಆನ್ ಇಡುವುದಕ್ಕೆ ಇನ್ನೊಂದು ಕಾರಣ ಕೀಬೋರ್ಡ್. ಅಗ್ಗದ ಮೆಂಬ್ರೇನ್ ಕೀಬೋರ್ಡ್‌ಗಳಲ್ಲಿ ಕೆಲವು, ಮೂರು ಕೀ ಒಟ್ಟಿಗೆ ಒತ್ತಿದರೆ ಮೂರನೆಯದನ್ನು ನುಂಗಿಬಿಡುತ್ತವೆ. ಶಿಫ್ಟ್ ಹಿಡಿದೇ ಇರಬೇಕಾಗಿಲ್ಲ ಅಂದರೆ ಒಂದು ಕೀ ಉಳಿಯಿತು. ಎಸ್.ಪಿ. ರೋಡ್‌ನಲ್ಲಿ ಹೊಸದು ಕೊಳ್ಳುವವರು ಅಂಗಡಿಯ ಕಂಪ್ಯೂಟರಿನಲ್ಲಿ ನೋಟ್‌ಪ್ಯಾಡ್ ತೆಗೆಸಿ, ಡಬ್ಲ್ಯೂ ಮತ್ತು ಡಿ ಒತ್ತಿ ಹಿಡಿದುಕೊಂಡೇ ಸ್ಪೇಸ್, ಇ, ಎಫ್ ಒಂದೊಂದಾಗಿ ಒತ್ತಿ ನೋಡಬಹುದು. ಯಾವುದಾದರೂ ಬೀಳದಿದ್ದರೆ ವಾಪಸ್ ಇಟ್ಟುಬಿಡಿ.

ಈಗ ಕಾಲಿನ ಲೆಕ್ಕ. ಆಟದ ಗಡಿಯಾರ ಸೆಕೆಂಡಿಗೆ 35 ಸಲ ಬಡಿಯುತ್ತದೆ. ಒಂದು ಬಡಿತಕ್ಕೆ ಇಂಪ್ ಅನ್ನೋ ರಾಕ್ಷಸ ಎಸೆದ ಬೆಂಕಿಯುಂಡೆ 10 ಯೂನಿಟ್ (ಆಟದೊಳಗಿನ ಅಳತೆ) ಸಾಗುತ್ತದೆ, ಬ್ಯಾರನ್ ಅನ್ನೋ ದೊಡ್ಡ ರಾಕ್ಷಸನ ಹಸಿರುಂಡೆ 15. ಓಡುವ ಆಟಗಾರ? ಹತ್ತಿರ ಹತ್ತಿರ 16.7. ಬೆನ್ನು ಹಾಕಿ ಓಡಿದರೂ ಉಂಡೆ ಹಿಡಿಯಲ್ಲ. ಮುಂದಿನ ಕೀ, ಪಕ್ಕದ ಕೀ ಎರಡೂ ಸೇರಿಸಿ ಓರೆಯಾಗಿ ಓಡಿದರೆ ಮುಂದಕ್ಕೆ 50, ಪಕ್ಕಕ್ಕೆ 40ರ ಬಲ ಕೂಡಿ ಓರೆಗೆ (ಕರ್ಣದ ಲೆಕ್ಕದಲ್ಲಿ) 64 ಆಗುತ್ತದೆ. ಶೇ 28 ಹೆಚ್ಚು ವೇಗ. ಆಗ ನಿಮ್ಮ ಓಟ 21 ದಾಟುತ್ತದೆ. ರಾಕೆಟ್‌ನ ವೇಗ 20!

ಮೊದಲ ಮ್ಯಾಪ್‌ನ ಅಂಕುಡೊಂಕು ಸೇತುವೆ ಇದನ್ನು ರೂಢಿ ಮಾಡಿಕೊಳ್ಳಲು ಒಳ್ಳೇ ಜಾಗ. ದೂರದ ಅಟ್ಟದಿಂದ ಇಂಪ್ ಉಂಡೆ ಎಸೆಯುತ್ತದೆ. ಅಲ್ಲಿಂದಲೇ ಶಾಟ್‌ಗನ್ ಹೊಡೆದರೆ 7 ಚರೆಗಳಲ್ಲಿ ತಾಗುವುದು ಒಂದೋ ಎರಡೋ. ಚರೆಯೊಂದಕ್ಕೆ 5, 10 ಅಥವಾ 15. ಏಳೂ ತಾಗಿದರೆ ಸರಾಸರಿ 70, ಇಂಪ್‌ನ ಜೀವ 60. ಹಾಗಾಗಿ ಉಂಡೆ ಕೈಬಿಟ್ಟ ಮೇಲೆ ಪಕ್ಕಕ್ಕೆ ಸರಿದು, ಮುಂದಿನದು ಬರುವ ಮೊದಲು ಹತ್ತಿರ ಹೋಗಬೇಕು. ದೂರದಿಂದಲೇ ಮುಗಿಸಬೇಕು ಅಂದರೆ ಪಿಸ್ತೂಲು: ಗುಂಡಿ ಒತ್ತಿ ಹಿಡಿದರೆ ಗುಂಡು ಚದುರುತ್ತದೆ, ಬಿಟ್ಟು ಬಿಟ್ಟು ಒತ್ತಿದರೆ ಪ್ರತಿ ಸಲವೂ ನೇರ. ಚೈನ್‌ಗನ್‌ನಲ್ಲಿ ಹೀಗೆ ಮೊದಲ ಎರಡು ಗುಂಡು ನೇರ.

ಕಾಲು ಕೆಲಸಕ್ಕೆ ಬಾರದಿರುವುದು ಬಂದೂಕು ಹಿಡಿದ ಸೈನಿಕರ ಮುಂದೆ ಮಾತ್ರ. ಅವರ ಗುಂಡಿಗೆ ಪ್ರಯಾಣದ ಹೊತ್ತೇ ಇಲ್ಲ. ಶಾಟ್‌ಗನ್ನಿನವನು ಒಂದೇ ಹೊಡೆತಕ್ಕೆ 45ರವರೆಗೆ ಕೀಳಬಲ್ಲ, ಅವನ ಜೀವ ಬರೀ 30. ಕೋಣೆಗೆ ಕಾಲಿಟ್ಟ ತಕ್ಷಣ ಮೊದಲು ಅವನು, ಇಂಪ್‌ಗಳು ಆಮೇಲೆ. ಆ ಇಂಪ್‌ಗಳ ಉಂಡೆ ಬೇರೆ ಜಾತಿಯವನಿಗೆ ತಾಗುವ ಹಾಗೆ ನಡುವೆ ಓಡಿದರೆ ಅವರವರೇ ಹೊಡೆದಾಡಿಕೊಳ್ಳುತ್ತಾರೆ, ನಿಮ್ಮ ಮದ್ದು ಉಳಿಯುತ್ತದೆ.

ಕಷ್ಟದ ಮಟ್ಟದ ಹೆಸರುಗಳಿಗೆ ಹೆದರಬೇಡಿ. ಇರುವ ಐದರಲ್ಲಿ ನಡುವಿನ ಮೂರಕ್ಕೆ ಏಟಿನ ಬಲ ಒಂದೇ. ಬದಲಾಗುವುದು ರಾಕ್ಷಸರ ತಲೆ ಎಣಿಕೆ, ಸಾಮಾನುಗಳ ಜಾಗ. ಅಲ್ಟ್ರಾ-ವಯಲೆನ್ಸ್ ಅಂದರೆ ಜನಜಂಗುಳಿ, ಅಷ್ಟೆ. ಕೊನೆಯ ನೈಟ್‌ಮೇರ್ ಮಾತ್ರ ಬೇರೆ: ಇಂಪ್‌ನ ಉಂಡೆ 10ರಿಂದ 20ಕ್ಕೆ ಏರುತ್ತದೆ, ಸತ್ತವರು ಎದ್ದು ಬರುತ್ತಾರೆ. ಮೇಲಿನ ಲೆಕ್ಕವೆಲ್ಲ ಅಲ್ಲಿಗೆ ಮುಗಿಯಿತು.

ಎಫ್6 ಕ್ವಿಕ್ ಸೇವ್, ಎಫ್9 ಲೋಡ್. ಡೆಸ್ಕ್‌ಟಾಪ್‌ನಲ್ಲಿ ಯುಪಿಎಸ್ ಇಲ್ಲದೆ ಆಡುವವರು ಎಫ್6 ಮರೆಯಬಾರದು, ಕರೆಂಟ್ ಹೇಳಿ ಹೋಗಲ್ಲ.

ಕಂತಿನ ಎಂಟನೇ ಮ್ಯಾಪ್‌ನಲ್ಲಿ ಇಬ್ಬರು ಬ್ಯಾರನ್‌ಗಳು, ತಲೆಗೆ 1000 ಜೀವ. ಶಾಟ್‌ಗನ್‌ನ ಸರಾಸರಿ 70ರ ಲೆಕ್ಕಕ್ಕೆ ಒಬ್ಬೊಬ್ಬನಿಗೆ 15 ಶೆಲ್ (ತೋಟಾ), ಒಟ್ಟು 30; ಬೆನ್ನುಚೀಲ ಇಲ್ಲದೆಯೂ 50 ಹಿಡಿಸುತ್ತದೆ. ಸುತ್ತು ಹಾಕುತ್ತಾ ಹೊಡೆಯಿರಿ, ನಿಲ್ಲಬೇಡಿ. ಇಬ್ಬರೂ ಬಿದ್ದ ಮೇಲೆ ಗೋಡೆ ಇಳಿಯುತ್ತದೆ. ಮುಂದಿನ ಟೆಲಿಪೋರ್ಟರ್ ಕತ್ತಲೆ ಕೋಣೆಗೆ ಒಯ್ಯುತ್ತದೆ, ಅಲ್ಲಿ ನೆಲವೇ ಜೀವ ಹೀರುತ್ತದೆ, ಸಾಯದಂತೆ ಮಾಡುವ ಚೀಟ್ ಹಾಕಿದ್ದರೂ ಅದನ್ನು ಕಿತ್ತುಹಾಕುತ್ತದೆ. ಏನೋ ತಪ್ಪಾಯಿತು ಅಂತ ಎಫ್9 ಒತ್ತಬೇಡಿ. ಜೀವ 10ಕ್ಕೆ ಇಳಿದಾಗ ಕಂತು ಮುಗಿಯಬೇಕು ಅಂತಲೇ ಅದನ್ನು ಕಟ್ಟಿದ್ದಾರೆ.