ಟೆರೇಸಿನ ದೊಣ್ಣೆ ಮೆಣಸು: ಜನವರಿ ಕೊನೆಗೆ ಎಲ್ಲಿಗೆ ಬಂತು

ಮಣಿಪಾಲದ ನಮ್ಮ ಟೆರೇಸಿನ ಚೀಲಗಳಲ್ಲಿ ದೊಣ್ಣೆ ಮೆಣಸು ಅಂತೂ ಕಾಯಿ ಕಚ್ಚಿದೆ. ಸಂಕ್ರಾಂತಿ ಹೊತ್ತಿಗೆ ನೆಲ್ಲಿಕಾಯಿ ಗಾತ್ರ ಇದ್ದವು ಈಗ ಕೈತುಂಬ ಆಗಿವೆ. ಘಟ್ಟದ ಮೇಲಿನವರಿಗೆ ಇದೊಂದು ಸುದ್ದಿಯೇ ಅಲ್ಲ, ಆದರೆ ಕರಾವಳಿಯಲ್ಲಿ ಇದನ್ನು ಬೆಳೆಸಲು ಹೋದವರಿಗೆ ಗೊತ್ತು.

ಗಿಡ ಬೆಳೆಯುವುದು ಇಲ್ಲಿ ಕಷ್ಟವೇ ಅಲ್ಲ. ಹೂವೂ ಬರುತ್ತದೆ. ನಿಲ್ಲುವುದಿಲ್ಲ, ಅದೇ ತಕರಾರು. ಮೊದಲು ತೊಟ್ಟು ಹಳದಿಯಾಗುತ್ತದೆ, ಆಮೇಲೆ ನೀರು ಹಾಕುವಾಗ ಗಿಡಕ್ಕೆ ಕೈ ತಾಗಿದರೂ ಸಾಕು, ತೊಟ್ಟಿನ ಸಮೇತ ಹೂವು ಕಳಚಿ ಬೀಳುತ್ತದೆ. ಎಲ್ಲರೂ ಬಿಸಿಲನ್ನು ಬೈಯುತ್ತಾರೆ. ಹಗಲು 32 ಡಿಗ್ರಿ ದಾಟಿದರೆ ತೊಂದರೆ ಹೌದು, ಅದಕ್ಕೆ ಗ್ರೀನ್ ನೆಟ್ ಕಟ್ಟಿ ಹೇಗೋ ಸುಧಾರಿಸಬಹುದು. ರಾತ್ರಿಯ ಸೆಕೆಗೆ ಎಂತ ಮಾಡುವುದು? ಕಾಯಿ ಕಚ್ಚಲು ಈ ಗಿಡಕ್ಕೆ ರಾತ್ರಿ 16ರಿಂದ 21 ಡಿಗ್ರಿ ಇರಬೇಕು, 24 ದಾಟಿತೋ ಹೂವು ಉದುರಲು ಶುರು. ನಮ್ಮಲ್ಲಿ ಅದಕ್ಕೆ ಹತ್ತಿರದ ರಾತ್ರಿ ಸಿಗುವುದು ಡಿಸೆಂಬರ್, ಜನವರಿ, ಜಾಸ್ತಿ ಅಂದರೆ ಫೆಬ್ರವರಿ ಮೊದಲ ವಾರಗಳಲ್ಲಿ. ಹಾಗಾಗಿ ಲೆಕ್ಕವನ್ನು ಹಿಂದಿನಿಂದ ಹಾಕಬೇಕು. ನಾಟಿಯಾಗಿ ಹೂವು ಬರಲು ಸುಮಾರು ಒಂದೂವರೆ ತಿಂಗಳು, ಅದಕ್ಕೂ ಮೊದಲು ಟ್ರೇಯಲ್ಲಿ ಸಸಿಗೆ ಹೆಚ್ಚುಕಮ್ಮಿ ಅಷ್ಟೇ. ಅಂದರೆ ಸೆಪ್ಟೆಂಬರ್ ನಡುವಿನಲ್ಲಿ, ಹೊರಗೆ ಮಳೆ ಹೊಯ್ಯುತ್ತಿರುವಾಗಲೇ, ಮಾಡಿನ ಕೆಳಗೆ ಬೀಜ ಬಿದ್ದಿರಬೇಕು.

"ಹಿತ್ತಿಲಲ್ಲಿ ಅಷ್ಟು ಜಾಗ ಉಂಟಲ್ಲ ಮಾರಾಯ್ರೆ, ಮತ್ತೆ ಚೀಲದಲ್ಲಿ ಯಾಕೆ?" ಅಂತ ಪಕ್ಕದ ಮನೆ ಅಕ್ಕ ಕೇಳಿದರು. ಕಾರಣ ಬದನೆ. ಹಿತ್ತಿಲಲ್ಲಿ ಹಾಕಿದ್ದ ಬದನೆ ಹಸಿರಾಗಿದ್ದಂತೆಯೇ ಸೊಪ್ಪು ಇಳಿಬಿಟ್ಟು ಸೊರಗಿತ್ತು. ಬುಡದ ಕಾಂಡ ಕೊಯ್ದು ತಿಳಿನೀರಿನ ಗ್ಲಾಸಿನಲ್ಲಿ ಇಳಿಬಿಟ್ಟು ನೋಡಿದೆ. ಸ್ವಲ್ಪ ಹೊತ್ತಿಗೆ ಕೊಯ್ದ ಜಾಗದಿಂದ ಊದುಬತ್ತಿ ಹೊಗೆಯ ಹಾಗೆ ಬಿಳಿ ಎಳೆ ಕೆಳಗಿಳಿಯಿತು. ಬ್ಯಾಕ್ಟೀರಿಯಾದ ಸೊರಗು ರೋಗ, ಅನುಮಾನವೇ ಇಲ್ಲ. ಬದನೆ, ಟೊಮೆಟೊ, ಮೆಣಸು ಎಲ್ಲ ಒಂದೇ ಕುಟುಂಬ, ಆ ಮಣ್ಣಿಗೆ ಇದನ್ನು ಹಾಕುವುದು ಸುಮ್ನೆ ದಂಡ. ತಳಿ ಆರಿಸುವಾಗಲೂ ಅದನ್ನೇ ನೋಡಿದೆ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಗೌರವ್ ತಳಿ ಈ ರೋಗವನ್ನು ಸ್ವಲ್ಪ ತಡೆದುಕೊಳ್ಳುತ್ತದೆ.

ಚೀಲಕ್ಕೆ ಸುಡುಮಣ್ಣು, ಹಟ್ಟಿಗೊಬ್ಬರ, ತೆಂಗಿನ ನಾರಿನ ಪುಡಿ, ಒಂದಷ್ಟು ಬೇವಿನ ಹಿಂಡಿ. ನಮ್ಮ ಮುರಕಲ್ಲಿನ ಮಣ್ಣು ಹುಳಿ ಜಾಸ್ತಿ, ಅದಕ್ಕೆ ನಾಟಿಗೆ ಎರಡು ಮೂರು ವಾರ ಮೊದಲೇ ಸುಣ್ಣ ಬೆರೆಸಿಟ್ಟಿದ್ದೆ. ಮರುವಾಯಿ, ಅಂದರೆ ಕಪ್ಪೆಚಿಪ್ಪು, ಸುಟ್ಟ ಸುಣ್ಣ ಸಿಕ್ಕಿದರೆ ಒಳ್ಳೆಯದೇ. ಕಾಯಿಯ ತಳ ಕಪ್ಪಾಗುವುದಕ್ಕೆ ಕ್ಯಾಲ್ಸಿಯಂ ಕೊರತೆ ಕಾರಣ ಅಲ್ವಾ, ಅದಕ್ಕೂ ಆಯಿತು. ಆದರೆ ನೀರು ಒಂದು ದಿನ ಧಾರಾಳ, ಇನ್ನೊಂದು ದಿನ ಇಲ್ಲ ಅಂತಾದರೆ ಎಷ್ಟು ಸುಣ್ಣ ಹಾಕಿದರೂ ತಳ ಕಪ್ಪೇ.

ಮೊದಲ ಕವಲಿನ ಹೂವನ್ನು ಚಿವುಟಿ ತೆಗೆದೆ. ಹೊಟ್ಟೆ ಉರಿಯುತ್ತದೆ, ಆದರೂ ತೆಗೆಯಬೇಕು, ಇಲ್ಲವಾದರೆ ಗಿಡ ಅಲ್ಲಿಗೇ ಗಿಡ್ಡವಾಗಿ ನಿಲ್ಲುತ್ತದೆ. ಡಿಸೆಂಬರಿನಲ್ಲಿ ಎರಡು ಗಿಡದ ಚಿಗುರು ಮುರುಟಿತು. ಎಲೆಯ ಅಂಚು ಮೇಲಕ್ಕೆ ಮಡಚಿದರೆ ಥ್ರಿಪ್ಸ್ ಎಂಬ ರಸ ಹೀರುವ ಸಣ್ಣ ಕೀಟ, ಕೆಳಕ್ಕೆ ಮಡಚಿದರೆ ನುಸಿ. ನಮ್ಮದು ಕೆಳಕ್ಕೆ. ನೀರಿನಲ್ಲಿ ಕಲಸುವ ಗಂಧಕವನ್ನು ಸಂಜೆ ಹೊತ್ತು ಎಲೆಯ ಅಡಿಗೆ ಸಿಂಪಡಿಸಿದೆ, ಹೊಸ ಚಿಗುರು ನೆಟ್ಟಗೆ ಬಂತು. ಗಂಧಕದ ಬೆನ್ನಿಗೇ ಬೇವಿನೆಣ್ಣೆ ಹೊಡೆಯಬೇಡಿ, ಎಲೆ ಸುಡುತ್ತದೆ. ಎರಡು ವಾರ ಬಿಡಿ.

ಈಗ ಮನೆಯಲ್ಲಿ ಹಸಿರು, ಹಳದಿಯ ಜಗಳ. ಅಮ್ಮನಿಗೆ ಪೋಡಿಗೆ, ಅಂದರೆ ಬಜ್ಜಿಗೆ, ಹಸಿರೇ ಆಗಬೇಕು, ಮಗಳಿಗೆ ಹಳದಿ. ಇದೇ ಕಾಯಿ ಇನ್ನೆರಡು ಮೂರು ವಾರ ಗಿಡದಲ್ಲಿದ್ದರೆ ಕಿತ್ತಳೆ ಮಿಶ್ರಿತ ಹಳದಿಯಾಗುತ್ತದೆ, ಆದರೆ ಅಷ್ಟು ದಿನ ಗಿಡ ಹೊಸ ಕಾಯಿ ಹಿಡಿಯುವುದು ಕಡಿಮೆ. ಹಾಗಾಗಿ ಫೆಬ್ರವರಿ ಅರ್ಧದ ತನಕ ಹಸಿರೇ ಕೊಯ್ಯುವುದು. ಸೆಕೆ ಏರಿದ ಮೇಲೆ ಹೇಗೂ ಹೂವು ನಿಲ್ಲುವುದಿಲ್ಲ, ಆಗ ಉಳಿದದ್ದನ್ನೆಲ್ಲ ಹಳದಿಯಾಗಲು ಬಿಡುತ್ತೇನೆ. ಆಮೇಲೆ ಅದೇ ಚೀಲಗಳಿಗೆ ಅಲಸಂಡೆ.