ಕಬ್ಬಿಣದ ಮಾತ್ರೆ ಯಾಕೆ ಹಾಗೇ ಉಳಿಯುತ್ತೆ?

ದಾವಣಗೆರೆಯ ಮಂಡಕ್ಕಿ ಭಟ್ಟಿಗಳಲ್ಲಿ ದುಡಿಯೋ ಗರ್ಭಿಣಿಯರಿಗೆ ಕಬ್ಬಿಣಾಂಶದ ಮಾತ್ರೆ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ. ನಾಲ್ಕನೇ ತಿಂಗಳಿಂದ ದಿನಕ್ಕೊಂದರಂತೆ 180 ದಿನ, ಹೆರಿಗೆಯಾದ ಮೇಲೂ 180 ದಿನ. ಆದರೂ ಎಷ್ಟೋ ಮನೆಗಳಲ್ಲಿ ಅರ್ಧಕ್ಕೇ ನಿಲ್ಲುತ್ತೆ. ಖಾಲಿ ಹೊಟ್ಟೇಲಿ ನುಂಗಿದರೆ ವಾಕರಿಕೆ, ಮಲ ಕಪ್ಪಗಾದರೆ ಗಾಬರಿ. ಕಪ್ಪಗಾಗೋದು ಸಹಜ ಅಂತ ಮೊದಲೇ ಹೇಳಿಬಿಡಿ, ಅರ್ಧ ಭಯ ಅಲ್ಲೇ ಹೋಗುತ್ತೆ. ರಾತ್ರಿ ಊಟ ಆಗಿ ಒಂದು ಗಂಟೆ ಬಿಟ್ಟು ನಿಂಬೆರಸದ ನೀರಲ್ಲಿ ತಗೊಳ್ಳಲಿ. ಚಹಾ ಜೊತೆ ಬೇಡವೇ ಬೇಡ, ಕಬ್ಬಿಣ ಮೈಗೆ ಹತ್ತಲ್ಲ. ಕ್ಯಾಲ್ಸಿಯಂ ಮಾತ್ರೆಗೂ ಎರಡು ಗಂಟೆ ಅಂತರ ಇರಲಿ.

ರಕ್ತದಲ್ಲಿ ಹಿಮೋಗ್ಲೋಬಿನ್ ಕಮ್ಮಿಯಾಗಿ 100 ಮಿ.ಲೀ.ಗೆ 7ರಿಂದ 10.9 ಗ್ರಾಂ ಇದ್ದರೆ ದಿನಕ್ಕೆರಡು ಮಾತ್ರೆ, ತಿಂಗಳಿಗೊಮ್ಮೆ ರಕ್ತಪರೀಕ್ಷೆ. ಆ ಪರೀಕ್ಷೆಗೆ ಅಂತ ಹೋದರೆ ಅವತ್ತಿನ ಕೂಲಿ ಹೋಗುತ್ತಲ್ಲ, ಸಂಕಟ ಇರೋದೇ ಅಲ್ಲಿ! ಸಂಜೆ ಹೊತ್ತು ನರ್ಸಮ್ಮ, ಆಶಾ ಅಕ್ಕ ಭಟ್ಟಿ ಹತ್ತಿರಕ್ಕೇ ಬಂದು ರಕ್ತ ನೋಡಲಿ, ಹಾಗೇ ತಾಯಿ ಕಾರ್ಡ್ ಪಕ್ಕದಲ್ಲಿಟ್ಟುಕೊಂಡು ಖಾಲಿ ಮಾತ್ರೆ ಪಟ್ಟಿಗಳನ್ನೂ ಎಣಿಸಲಿ.