ರೆಗ್ಯುಲೇಟರ್ ಬದಲಿಸಲು ಹೋಗಿ ವೈರಿಂಗ್ ಬಿಚ್ಚಿದ ನಾಲ್ಕು ಭಾನುವಾರ

ಶಿರಾಡಿ ಘಾಟ್ ಹತ್ತಿ ಸಕಲೇಶಪುರದ ಹತ್ತಿರ ಬರುವಷ್ಟರಲ್ಲಿ ಬೈಕಿನ ಹೆಡ್‌ಲೈಟ್ ಮಂಕಾಗಿತ್ತು. ಟೀಗೆ ನಿಲ್ಲಿಸಿ ಮತ್ತೆ ಬಟನ್ ಒತ್ತಿದರೆ ರಿಲೇ ಟಕಟಕ ಅಂದಿತೇ ಹೊರತು ಎಂಜಿನ್ ತಿರುಗಲಿಲ್ಲ. ಬ್ಯಾಟರಿಯಲ್ಲಿ 11.4 ವೋಲ್ಟ್ ಮಾತ್ರ. ಆ ರಾತ್ರಿ ಅಲ್ಲೇ ಉಳಿದೆ. ಬೆಳಿಗ್ಗೆ ಒಂದು ಅಂಗಡಿಯಲ್ಲಿ ಬ್ಯಾಟರಿ ಚಾರ್ಜ್ ಮಾಡಿಸಿದೆ. ಹೆಡ್‌ಲೈಟ್ ಪ್ಲಗ್ ಕಿತ್ತಿಟ್ಟು, ಕತ್ತಲಾಗುವ ಮೊದಲೇ ಬೆಂಗಳೂರು ಸೇರಿದೆ.

ಬೈಕ್ ಸೆಕೆಂಡ್ ಹ್ಯಾಂಡ್ 650 ಸಿಸಿ ಪ್ಯಾರಲಲ್ ಟ್ವಿನ್. 48,000 ಕಿ.ಮೀ. ಓಡಿದೆ. ಕಂಪನಿ ಯಾವುದು ಅನ್ನೋದು ಇಲ್ಲಿ ಮುಖ್ಯ ಅಲ್ಲ. ಈ ಥರದ ಚಾರ್ಜಿಂಗ್ ಎಷ್ಟೋ ಬೈಕ್‌ಗಳಲ್ಲಿದೆ. ಎಂಜಿನ್ ತಿರುಗಿಸುವ ದಂಡದ, ಅಂದರೆ ಕ್ರ್ಯಾಂಕ್‌ನ, ತುದಿಯಲ್ಲಿ ಮ್ಯಾಗ್ನೆಟ್ ತಿರುಗುತ್ತದೆ. ಒಳಗಿನ ಸ್ಟೇಟರ್ ಸುರುಳಿಗಳಿಂದ ಮೂರು ಹಳದಿ ವೈರ್ ಹೊರಗೆ ಬರುತ್ತವೆ. ಅವುಗಳ ಎಸಿ ಕರೆಂಟನ್ನು ಡಿಸಿ ಮಾಡಿ, 14 ವೋಲ್ಟ್ ಆಸುಪಾಸಿನಲ್ಲಿ ಹಿಡಿದಿಡುವುದು ರೆಗ್ಯುಲೇಟರ್ ರೆಕ್ಟಿಫೈಯರ್‌ನ ಕೆಲಸ.

ಮೊದಲ ಭಾನುವಾರ

ಗೆಳೆಯರೆಲ್ಲ ಫೋನಿನಲ್ಲೇ ತೀರ್ಪು ಕೊಟ್ಟಿದ್ದರು: ರೆಗ್ಯುಲೇಟರ್ ಹೋಗಿದೆ, ಹೊಸದು ಹಾಕು. ನಾನು ಮೊದಲು ಅಳೆಯೋಣ ಅಂದುಕೊಂಡೆ.

ಸ್ಟೇಟರ್ ಪ್ಲಗ್ ಬಿಚ್ಚಿ ಮೂರು ಹಳದಿ ವೈರ್‌ಗಳನ್ನು ಎರಡೆರಡಾಗಿ ನೋಡಿದೆ. ಮೀಟರಿನ ವೈರ್‌ಗಳದೇ 0.2 ಓಮ್ ಕಳೆದರೆ, ಮೂರು ಜೋಡಿಯಲ್ಲೂ 0.3 ಓಮ್. ಯಾವ ವೈರಿಗೂ ಎಂಜಿನ್ ಬಾಡಿ ಜೊತೆ ಸಂಪರ್ಕ ಇಲ್ಲ. ಎಂಜಿನ್ ಸ್ಟಾರ್ಟ್ ಮಾಡಿ 5000 ಆರ್‌ಪಿಎಂನಲ್ಲಿ ಹಿಡಿದಾಗ 62, 61, 62 ವೋಲ್ಟ್ ಎಸಿ. ಇಲ್ಲಿ ಸಂಖ್ಯೆ ಎಷ್ಟಿದೆ ಅನ್ನುವುದಕ್ಕಿಂತ ಮೂರೂ ಸಮ ಇವೆಯಾ ಅನ್ನುವುದು ಮುಖ್ಯ. ಸಮ ಇತ್ತು. ಅಂದರೆ ಸ್ಟೇಟರ್ ಆರೋಗ್ಯವಾಗಿದೆ.

ಆಮೇಲೆ ಎಲ್ಲ ಜೋಡಿಸಿ, ಇಪ್ಪತ್ತು ನಿಮಿಷ ಓಡಿಸಿ ಬಿಸಿ ಮಾಡಿ, ಹೈ ಬೀಮ್ ಹಾಕಿ 4000 ಆರ್‌ಪಿಎಂನಲ್ಲಿ ನೋಡಿದೆ. ಬ್ಯಾಟರಿಯಲ್ಲಿ 12.9 ವೋಲ್ಟ್. ಆದರೆ ಮೀಟರಿನ ಮುಳ್ಳುಗಳನ್ನು ರೆಗ್ಯುಲೇಟರ್ ಪ್ಲಗ್ಗಿನ ಹಿಂಬದಿಗೇ ಚುಚ್ಚಿದರೆ 14.05! ಪಾಪ, ರೆಗ್ಯುಲೇಟರ್ ತನ್ನ ಕೆಲಸ ತಾನು ಮಾಡುತ್ತಿದೆ. ತನ್ನ ಬಾಗಿಲಲ್ಲಿ ಎಷ್ಟು ವೋಲ್ಟ್ ಇದೆ ಅಂತ ಅದಕ್ಕೆ ಗೊತ್ತು, ಬ್ಯಾಟರಿಗೆ ಎಷ್ಟು ತಲುಪಿತು ಅಂತ ಗೊತ್ತಿಲ್ಲ. ನಡುವಿನ 1.15 ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತಿತ್ತು. ಪ್ಲಸ್ ಕಡೆ 0.8, ಮೈನಸ್ ಕಡೆ 0.35. ಪ್ಲಸ್ ವೈರಿಗೆ ಕ್ಲ್ಯಾಂಪ್ ಮೀಟರ್ ಹಾಕಿದರೆ 12 ಆಂಪಿಯರ್. 0.8ನ್ನು 12ರಿಂದ ಗುಣಿಸಿದರೆ 9.6 ವಾಟ್. ಅಷ್ಟು ಶಾಖ ಒಂದೆರಡು ಸಣ್ಣ ಪ್ಲಗ್‌ಗಳೊಳಗೆ, ಸೀಟಿನ ಕೆಳಗೆ, ಗಾಳಿ ಆಡದ ಜಾಗದಲ್ಲಿ.

ಟೇಪ್ ಸುತ್ತಿದ ಜಾಗ ಬಿಚ್ಚಿದಾಗ ಎಲ್ಲ ಕಣ್ಣಿಗೇ ಕಂಡಿತು. ಬಿಳಿ ಪ್ಲಾಸ್ಟಿಕ್ ಪ್ಲಗ್ ಒಂದು ಮೂಲೆಯಲ್ಲಿ ಬೆಲ್ಲದ ಬಣ್ಣಕ್ಕೆ ತಿರುಗಿ ಕರಗಿತ್ತು. ಅಲ್ಲಿಂದ ಹೊರಡುವ ಹಳದಿ ವೈರನ್ನು ಸ್ವಲ್ಪ ಬಗ್ಗಿಸಿದೆ ಅಷ್ಟೇ, ಮೇಲಿನ ಸಿಪ್ಪೆ ಹಪ್ಪಳದ ಹಾಗೆ ಪಟ್ ಅಂತ ಮುರಿಯಿತು. ಒಳಗಿನ ತಾಮ್ರ ಕಪ್ಪು. ಬಿಸಿಯಾದಾಗ ಈ ವೈರ್ ಸಂಪರ್ಕ ಬಿಟ್ಟು ಬಿಟ್ಟು ಹಿಡಿಯುತ್ತಿದ್ದಿರಬೇಕು. ಘಾಟ್ ಹತ್ತುವಾಗ ಮೂರು ಹಳದಿ ವೈರ್‌ಗಳಲ್ಲಿ ಒಂದರ ಕರೆಂಟ್ (ಒಂದು ಫೇಸ್) ಇಲ್ಲದೇ ಬಂದಿದ್ದೇನೆ ಅಂತ ಆಗ ಅರ್ಥವಾಯಿತು.

ಹಾಗಾದರೆ ರೆಗ್ಯುಲೇಟರ್ ಯಾಕೆ ಬದಲಿಸಬೇಕು?

ಇದನ್ನು ಒಂದು ವಾರ ಯೋಚಿಸಿದೆ. ನನ್ನದರಲ್ಲಿದ್ದದ್ದು ಶಂಟ್ ಜಾತಿಯದು. ಬೇಕಾದ ವೋಲ್ಟೇಜ್ ಬಂದ ಮೇಲೆ ಅದು ಸ್ಟೇಟರ್ ವೈರ್‌ಗಳನ್ನು ಒಂದಕ್ಕೊಂದು ಶಾರ್ಟ್ ಮಾಡುತ್ತದೆ. ತೋಟಕ್ಕೆ ನೀರು ಸಾಕಾದ ಮೇಲೂ ಪಂಪ್ ನಿಲ್ಲಿಸದೆ, ಪೈಪನ್ನು ವಾಪಸ್ ಬಾವಿಗೇ ಬಿಟ್ಟ ಹಾಗೆ. ನೀರು ವ್ಯರ್ಥ ಆಗಲಿಲ್ಲ ನಿಜ, ಆದರೆ ಪಂಪ್ ದಿನವಿಡೀ ದುಡಿಯುತ್ತದೆ. ಬೈಕ್‌ಗೆ ಕರೆಂಟ್ ಬೇಕಿರಲಿ ಬಿಡಲಿ, ಸ್ಟೇಟರ್ ಸುರುಳಿಯಲ್ಲಿ ಹೆಚ್ಚು ಕಡಿಮೆ ಪೂರ್ತಿ ಕರೆಂಟ್ ಹರಿಯುತ್ತಲೇ ಇರುತ್ತದೆ. ಆ ಹಳದಿ ವೈರ್‌ಗಳ ಪ್ಲಗ್ ಸುಡುವುದಕ್ಕೂ ಇದೇ ಕಾರಣ.

ಮಾಸ್ಫೆಟ್ (ಒಂದು ಬಗೆಯ ಟ್ರಾನ್ಸಿಸ್ಟರ್ ಸ್ವಿಚ್) ಹಾಕಿದ, ಶಿಂಡೆನ್‌ಗೆನ್ ಎಂಬ ಜಪಾನಿ ಕಂಪನಿಯ ಎಫ್‌ಎಚ್ 020 ರೆಗ್ಯುಲೇಟರ್ ತುಂಬ ಜನ ಹಾಕಿಸುತ್ತಾರೆ. ಒಳ್ಳೆಯ ಮಾಲು, ತಾನು ತಣ್ಣಗಿರುತ್ತದೆ. ಆದರೆ ಅದೂ ಶಂಟೇ, ಸ್ಟೇಟರಿಗೆ ಬಿಡುವು ಕೊಡುವುದಿಲ್ಲ. ಅದೇ ಕಂಪನಿಯ ಎಸ್‌ಎಚ್ 847 ಸೀರೀಸ್ ಜಾತಿ. ಸಾಕಾದಾಗ ದಾರಿಯನ್ನೇ ತೆರೆದುಬಿಡುತ್ತದೆ, ಕರೆಂಟ್ ಹರಿಯುವುದೇ ಇಲ್ಲ. ನನ್ನ ಸ್ಟೇಟರ್ ಇನ್ನೂ ಮೂಲದ್ದು, ಅದನ್ನು ಉಳಿಸಿಕೊಳ್ಳುವ ಆಸೆ. ಅದಕ್ಕೇ 847 ಆರಿಸಿದೆ. ನಕಲಿ ಮಾಲು ಜಾಸ್ತಿ ಇರುವುದರಿಂದ, ಅಪಘಾತವಾದ ಬೈಕಿನಿಂದ ಬಿಚ್ಚಿದ ಹಳೆಯದನ್ನೇ ಪರಿಚಯದವರಿಂದ ತೆಗೆದುಕೊಂಡೆ. ಆದರೂ ಒಂದು ಮಾತು ಹೇಳಬೇಕು. ಕೈಯಲ್ಲಿ ಒಂದಕ್ಕೇ ದುಡ್ಡಿದ್ದರೆ ವೈರಿಂಗ್ ಮಾಡಿಸಿ, ರೆಗ್ಯುಲೇಟರ್ ಆಮೇಲೆ ನೋಡಿಕೊಳ್ಳಬಹುದು.

ಎರಡನೇ ಭಾನುವಾರಕ್ಕೆ ಮೊದಲು, ಎಸ್‌ಪಿ ರೋಡ್

ಶನಿವಾರ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಬೀದಿ ಎಸ್‌ಪಿ ರೋಡಿಗೆ ಹೋದೆ. 4 ಚದರ ಮಿಲಿಮೀಟರ್ ವೈರ್ ಕೇಳಿದರೆ ಮೊದಲ ಅಂಗಡಿಯಲ್ಲಿ ಮನೆ ವೈರಿಂಗಿನದನ್ನು ಮುಂದಿಟ್ಟರು. ತಾಮ್ರ ಚೆನ್ನಾಗಿಯೇ ಇತ್ತು, ಆದರೆ ಅದರ ಪಿವಿಸಿ 70 ಡಿಗ್ರಿಯ ಲೆಕ್ಕದ್ದು, ಎಳೆಗಳೂ ದಪ್ಪ. ಎಂಜಿನ್ ಪಕ್ಕದ ಬಿಸಿಗೂ ನಡುಕಕ್ಕೂ ಅದು ಹೊಂದುವುದಿಲ್ಲ. 105 ಡಿಗ್ರಿ ತಡೆಯುವ, ಸಣ್ಣ ಎಳೆಗಳ ವಾಹನದ ವೈರ್ ಸಿಗುವಷ್ಟರಲ್ಲಿ ನಾಲ್ಕು ಅಂಗಡಿ ಸುತ್ತಿದ್ದೆ. ಜೊತೆಗೆ ನೀರು ನುಗ್ಗದ ಪ್ಲಗ್‌ಗಳು, ಒಳಗೆ ಅಂಟು ಇರುವ ಹೀಟ್ ಶ್ರಿಂಕ್ (ಬಿಸಿ ಮಾಡಿದರೆ ಕುಗ್ಗಿ ವೈರನ್ನು ಬಿಗಿಯಾಗಿ ಹಿಡಿಯುವ ಕೊಳವೆ), 30 ಆಂಪಿಯರ್ ಫ್ಯೂಸ್.

ಭಾನುವಾರ ಪೂರ್ತಿ ಕ್ರಿಂಪಿಂಗ್, ಅಂದರೆ ವೈರಿನ ತುದಿಗೆ ಲೋಹದ ಟರ್ಮಿನಲ್ ಒತ್ತಿ ಕೂರಿಸುವ ಕೆಲಸ. ಮೊದಲು ಹತ್ತು ಟರ್ಮಿನಲ್‌ಗಳನ್ನು ಸುಮ್ನೆ ತುಂಡು ವೈರಿನ ಮೇಲೆ ಒತ್ತಿ, ಎಳೆದು ನೋಡಿ ಕೈ ಕೂರಿಸಿಕೊಂಡೆ. ಸೋಲ್ಡರ್ ಮಾಡಬಾರದಾ ಅಂತ ಕೇಳುವವರಿದ್ದಾರೆ. ಸೋಲ್ಡರ್ ಎಳೆಗಳ ಒಳಗೆ ಮೇಲಕ್ಕೆ ಏರಿ ವೈರನ್ನು ಕಡ್ಡಿ ಮಾಡುತ್ತದೆ. ಬೈಕಿನ ನಡುಕಕ್ಕೆ ಆ ಕಡ್ಡಿ ಮುಗಿಯುವ ಜಾಗದಲ್ಲೇ ವೈರ್ ತುಂಡಾಗುತ್ತದೆ. ಸರಿಯಾದ ಇಕ್ಕಳದಲ್ಲಿ ಒತ್ತಿದ ಕ್ರಿಂಪ್ ಮೇಲೆ ನನಗೆ ಹೆಚ್ಚು ನಂಬಿಕೆ. ಸ್ಟೇಟರಿನ ವೈರ್‌ಗಳನ್ನು ಕಪ್ಪು ಹೋಗಿ ಹೊಳೆಯುವ ತಾಮ್ರ ಕಾಣುವವರೆಗೂ ಕತ್ತರಿಸುತ್ತಾ ಹೋದೆ. ನಾಲ್ಕು ಇಂಚು ಹೋಯಿತು.

ಮೂರನೇ ಭಾನುವಾರ

ಸೀರೀಸ್ ಆದರೂ ರೆಗ್ಯುಲೇಟರ್ ಒಳಗೆ ಶಾಖ ಹುಟ್ಟಿಯೇ ಹುಟ್ಟುತ್ತದೆ, ಗಾಳಿ ಬೇಕೇ ಬೇಕು. ಸೀಟಿನ ಕೆಳಗಿನ ಹಳೆಯ ಜಾಗ ಬಿಟ್ಟು, ಎಡಗಡೆ ಫ್ರೇಮ್ ಪಕ್ಕಕ್ಕೆ 5 ಮಿ.ಮೀ. ಅಲ್ಯೂಮಿನಿಯಂ ತಗಡಿನ ಬ್ರಾಕೆಟ್ ಮಾಡಿದೆ. ಮೊದಲ ಬ್ರಾಕೆಟ್ ಕೆಲಸಕ್ಕೆ ಬರಲಿಲ್ಲ. ಇಬ್ಬರು ಕೂತು ಹಿಂದಿನ ಸಸ್ಪೆನ್ಷನ್ ಒತ್ತಿದಾಗ ಬೋಲ್ಟಿನ ತಲೆ ಹಿಂದಿನ ಚಕ್ರ ಹಿಡಿದಿರುವ ಸ್ವಿಂಗ್ ಆರ್ಮಿಗೆ ತಾಗುತ್ತಿತ್ತು. ಇನ್ನೊಂದು ಮಾಡಿ, 20 ಮಿ.ಮೀ. ಮೇಲಕ್ಕೆ ಏರಿಸಿದೆ.

ವೈರಿಂಗ್ ದಾರಿ ಈಗ ತುಂಬ ಸರಳ. ರೆಗ್ಯುಲೇಟರಿನ ಪ್ಲಸ್ ಬೈಕಿನ ಹಳೆಯ ವೈರ್ ಕಟ್ಟಿನ (ಹಾರ್ನೆಸ್) ಒಳಗೆ ಹೋಗುವುದಿಲ್ಲ, 30 ಆಂಪಿಯರ್ ಫ್ಯೂಸ್ ದಾಟಿ ನೇರ ಬ್ಯಾಟರಿಗೆ. ಮೈನಸ್ ಕೂಡ ಫ್ರೇಮಿಗಲ್ಲ, ನೇರ ಬ್ಯಾಟರಿಗೇ. ಫ್ಯೂಸ್ ಬ್ಯಾಟರಿಯ ಪಕ್ಕದಲ್ಲೇ ಇದೆ. ವೈರ್ ಎಲ್ಲಾದರೂ ಉಜ್ಜಿ ಫ್ರೇಮಿಗೆ ತಾಗಿದರೆ ದೊಡ್ಡ ಕರೆಂಟ್ ನುಗ್ಗುವುದು ಬ್ಯಾಟರಿಯಿಂದ ಅಲ್ವಾ? ಮೂರು ಹಳದಿ ವೈರ್‌ಗಳಿಗೆ ಹಿಂದು ಮುಂದು ಇಲ್ಲ, ಹೇಗೆ ಸೇರಿಸಿದರೂ ಸರಿ. ಪ್ಲಸ್ ಮೈನಸ್ ಮಾತ್ರ ಮೂರು ಸಲ ನೋಡಿದೆ. ಅದು ತಿರುಗುಮುರುಗಾದರೆ ರೆಗ್ಯುಲೇಟರ್ ಅಲ್ಲೇ ಸತ್ತುಹೋಗುತ್ತದೆ.

ಅದೇ ಪರೀಕ್ಷೆ, ಅದೇ 4000 ಆರ್‌ಪಿಎಂ, ಹೈ ಬೀಮ್. ರೆಗ್ಯುಲೇಟರ್ ಬಾಗಿಲಲ್ಲಿ 14.4. ಪ್ಲಸ್ ದಾರಿಯಲ್ಲಿ 0.21, ಮೈನಸ್ ದಾರಿಯಲ್ಲಿ 0.04. ಪ್ಲಸ್ ಕಡೆ ನನಗೆ ಸಮಾಧಾನ ಆಗಲಿಲ್ಲ. ತುಂಡು ತುಂಡಾಗಿ ಅಳೆದರೆ ಫ್ಯೂಸ್ ಹೋಲ್ಡರಿನ ಆಚೀಚೆಗೇ 0.16. ಕೈಯಿಟ್ಟರೆ ಬೆಚ್ಚಗೆ. ಹೋಲ್ಡರಿನ ಸ್ವಂತ ವೈರ್ ಸುಲಿದು ನೋಡಿದಾಗ ದಪ್ಪ ಸಿಪ್ಪೆಯೊಳಗೆ ತೆಳ್ಳಗಿನ ತಾಮ್ರ. ಅಂಥ ಹೋಲ್ಡರ್ ಕೊಳ್ಳುವ ಮೊದಲು ಒಂದು ತುದಿ ಸುಲಿದು ನೋಡಿ. 4 ಚದರ ಮಿ.ಮೀ. ವೈರ್ ಇರುವ ಇನ್ನೊಂದು ಹಾಕಿದೆ. ಪ್ಲಸ್ 0.06ಕ್ಕೆ ಇಳಿಯಿತು. ಬ್ಯಾಟರಿಯಲ್ಲಿ 14.3.

ನಾಲ್ಕನೇ ಭಾನುವಾರ

ಮಳೆಯಲ್ಲಿ ಮತ್ತೆ ಶಿರಾಡಿಗೆ ಹೋದೆ, ಅದೇ ಹತ್ತುವ ದಾರಿ. ಹ್ಯಾಂಡಲ್ ಮೇಲೆ ಕೂರಿಸಿದ ಪುಟ್ಟ ವೋಲ್ಟ್ ಮೀಟರ್ ಲಾರಿಗಳ ಹಿಂದೆ ತೆವಳುವಾಗಲೂ 14.1ಕ್ಕಿಂತ ಕೆಳಗೆ ಇಳಿಯಲಿಲ್ಲ. ಅದೇ ಅಂಗಡಿಯಲ್ಲಿ ಟೀ ಕುಡಿದು, ಸೈಡ್ ಪ್ಯಾನಲ್ ತೆಗೆದು ಹಳದಿ ವೈರ್‌ಗಳ ಪ್ಲಗ್ ಹಿಡಿದು ನೋಡಿದೆ. ಕೈಯಲ್ಲಿ ಆರಾಮವಾಗಿ ಹಿಡಿಯುವಷ್ಟೇ ಬೆಚ್ಚಗಿತ್ತು.

ಒಂದು ಕೆಲಸ ಬಾಕಿ ಇದೆ. ಸೀರೀಸ್ ರೆಗ್ಯುಲೇಟರ್ ದಾರಿ ತೆರೆದಾಗ ಹಳದಿ ವೈರ್‌ಗಳಲ್ಲಿ ವೋಲ್ಟೇಜ್ ಮೇಲೇರುತ್ತದೆ, ಹಳೆಯ ಸಿಪ್ಪೆ ಅದನ್ನು ತಡೆಯಬೇಕು. ಎಂಜಿನ್ ಕವರಿನಿಂದ ವೈರ್ ಹೊರಬರುವ ರಬ್ಬರ್ ಬುಷ್ ಹತ್ತಿರ ಸಿಪ್ಪೆ ಸ್ವಲ್ಪ ಗಟ್ಟಿಯಾಗಿದೆ. ಮುಂದಿನ ಆಯಿಲ್ ಬದಲಿಸುವಾಗ ಕವರ್ ತೆಗೆದು, ಅಲ್ಲಿಗೆ ಫೈಬರ್ ಗ್ಲಾಸ್ ಸ್ಲೀವ್ ಹಾಕಬೇಕು. ಗ್ಯಾಸ್ಕೆಟ್ ಆಗಲೇ ತಂದಿಟ್ಟಿದ್ದೇನೆ.